ಆಷಾಢದಲ್ಲಿ ಸೂರ್ಯನನ್ನು ಹುಡುಕಿದವರು

ಫೋಟೋಗೆ ಕಟ್ಟು ಹಾಕಿಸಲು ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಅಳತೆಯನ್ನಲ್ಲ, ಗೋಡೆಯನ್ನು. "ಯಾವ ಗೋಡೆಗೆ ಹಾಕ್ತೀರಿ? ಬಿಸಿಲು ಬೀಳುತ್ತಾ?" ಬಿಸಿಲು ಬೀಳುವ ಗೋಡೆಗೆ ಎಂಥ ಒಳ್ಳೆಯ ಫೋಟೋ ಹಾಕಿದರೂ ನಾಲ್ಕೇ ವರ್ಷಕ್ಕೆ ಮುಖ ಅಳಿಸಿಹೋಗುತ್ತದೆ. ನೀವೂ ನೆನಪಿಟ್ಟುಕೊಳ್ಳಿ. ಈ ಬುದ್ಧಿ ನನ್ನದಲ್ಲ. ಬಸವೇಶ್ವರನಗರದಲ್ಲಿ ನನ್ನ ಅಂಗಡಿಯ ಪಕ್ಕದ ಮಳಿಗೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು ಹೇಳಿಕೊಟ್ಟದ್ದು. ಅವರು ಹೋದ ತಿಂಗಳು ತೀರಿಕೊಂಡರಂತೆ. ಅವರ ಹೆಂಡತಿ ಫೋನ್ ಮಾಡಿ ತಿಳಿಸಿದಳು. ವಿಷಯ ಹೇಳಿ ಮುಗಿದ ಮೇಲೂ ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಹೆಸರು ಗೊತ್ತಿದ್ದವರೇ ಕಡಿಮೆ. ಎಲ್ಲರಿಗೂ ಅವರು ‘ಸ್ಟುಡಿಯೋ ಸಾರ್’. ಎತ್ತರದ ಆಳು, ಕತ್ತು ಮುಂದಕ್ಕೆ ಬಾಗಿತ್ತು. ಆ ಬಾಗು ಕ್ಯಾಮೆರಾದಿಂದ ಬಂದದ್ದು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅವರ ಕ್ಯಾಮೆರಾ ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡುವಂಥದ್ದು. ಒಂದು ರೋಲಿಗೆ ಹನ್ನೆರಡೇ ಫೋಟೋ. ಫೋಟೋ ತೆಗೆಯುವಾಗ ಅವರನ್ನು ಪಕ್ಕದಿಂದ ನೋಡಿದರೆ ಎದುರಿಗಿದ್ದವರಿಗೆ ನಮಸ್ಕಾರ ಮಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಬೇರೆ ಸ್ಟುಡಿಯೋಗಳಲ್ಲಿ ‘ಸ್ಮೈಲ್ ಪ್ಲೀಸ್’ ಎನ್ನುತ್ತಿದ್ದರು. ಇವರು "ನಗೋದೇನೂ ಬೇಡ, ಉಸಿರು ಬಿಡಿ" ಎನ್ನುತ್ತಿದ್ದರು. ಜನ ಉಸಿರು ಬಿಟ್ಟ ಗಳಿಗೆಗೆ ಸರಿಯಾಗಿ ಕ್ಲಿಕ್. ನಮ್ಮ ಕಡೆ ಬಸ್ ಪಾಸಿನ ಫೋಟೋದಲ್ಲಿ ಯಾರಾದರೂ ಕಳ್ಳರ ಹಾಗೆ ಕಾಣದೆ ಮನುಷ್ಯರ ಹಾಗೆ ಕಂಡರೆ ಅದು ಇವರು ತೆಗೆದದ್ದೆಂದು ಕಂಡಕ್ಟರುಗಳಿಗೂ ಗೊತ್ತಿತ್ತು.

ನನ್ನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಮಿಲ್ಲು ಬಾಗಿಲು ಹಾಕಿದಾಗ ನಾನು ಮನೆಯಲ್ಲಿ ಕೂತು ಅಳಲಿಲ್ಲ. ಬಸವೇಶ್ವರನಗರದಲ್ಲಿ ಆಗ ವಾರಕ್ಕೊಂದು ಹೊಸ ಮನೆ ಏಳುತ್ತಿತ್ತು. ಬುಟ್ಟಿಯಲ್ಲಿ ಹತ್ತು ದೇವರ ಪಟ ಇಟ್ಟುಕೊಂಡು, ಮಾವಿನ ತೋರಣ ಕಂಡ ಮನೆಗೆಲ್ಲ ಹೋದೆ. ಗೃಹಪ್ರವೇಶದ ದಿನ ಬಾಗಿಲಿಗೆ ಬಂದ ದೇವರನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಎರಡು ವರ್ಷದಲ್ಲಿ ಮಳಿಗೆ ಹಿಡಿದೆ. ನಾಯಂಡಹಳ್ಳಿಯ ಗೋಡೌನಿನಿಂದ ಗಾಜು ನಾನೇ ಆರಿಸಿ ತರುತ್ತಿದ್ದೆ. ಗಾಜು ಕೊಳ್ಳುವಾಗ ಮಾರುವವನ ಮಾತು ಕೇಳಬೇಡಿ. ಬೆಳಕಿಗೆ ಹಿಡಿದು, ಆಚೆ ಕಾಣುವ ಕಂಬ ನೆಟ್ಟಗಿದೆಯೇ ನೋಡಿ. ಕಂಬ ಬಳುಕಿದರೆ ಗಾಜು ಬೇಡ.

ಸ್ಟುಡಿಯೋ ಸಾರ್‌ಗೆ ಇದೇನೂ ಬಾರದು. ಒಮ್ಮೆ ಹೊಸ ಛತ್ರಿ ಹಿಡಿದು ಬಂದರು. ಎಷ್ಟು ಕೊಟ್ಟಿರಿ ಎಂದು ಕೇಳಿದೆ. ಕೇಳಿದಷ್ಟೂ ಕೊಟ್ಟಿದ್ದರು.

"ಅರ್ಧಕ್ಕೆ ಕೇಳ್ಬೇಕಿತ್ತು ಸಾರ್!"

"ಅವನ ಮುಖ ನೋಡಿದ್ರೆ ಅರ್ಧಕ್ಕೆ ಕೇಳೋ ಹಾಗಿರಲಿಲ್ಲ ಅಕ್ಕಾ."

"ಮುಖ ನೋಡ್ಕೊಂಡು ಯಾರಾದ್ರೂ ವ್ಯಾಪಾರ ಮಾಡ್ತಾರಾ?"

"ನಂಗೆ ನೋಡೋಕೆ ಬರೋದು ಅದೊಂದೇ."

ಅವರಿಗಿಂತ ನಾನು ಐದಾರು ವರ್ಷ ದೊಡ್ಡವಳು. ಅಕ್ಕಾ ಅನ್ನುತ್ತಿದ್ದರು, ಗೌರವದಿಂದ ಬೈಸಿಕೊಳ್ಳುತ್ತಿದ್ದರು, ಆಮೇಲೆ ತಮಗೆ ತೋಚಿದಂತೆಯೇ ಮಾಡುತ್ತಿದ್ದರು.

ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಮದುವೆ ಮನೆಯವರು ಮಾರನೆಯ ದಿನವೇ ಬಂದು "ಫೋಟೋ ಚೆನ್ನಾಗಿ ಬಂದಿದ್ಯಾ ಸಾರ್?" ಎಂದು ಕೇಳುತ್ತಾರಲ್ಲ, ಇವರು ಬಾಯಿ ಬಿಡುತ್ತಿರಲಿಲ್ಲ. ಪ್ರಿಂಟು ಕೈಗೆ ಬರುವವರೆಗೆ ಬಂದಿದೆ ಅನ್ನಬಾರದು, ಬಂದಿಲ್ಲ ಅಂತಲೂ ಅನ್ನಬಾರದು. ಸೋದರಮಾವನ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದಾಗ ಒಂದು ಮದುವೆಯಲ್ಲಿ ತಾಳಿ ಕಟ್ಟಿದ ಫೋಟೋ ತೆಗೆದೆ ಎಂದುಕೊಂಡು ಎಲ್ಲರಿಗೂ "ಸೂಪರ್ ಆಗಿ ಬಂದಿದೆ" ಎಂದು ಹೇಳಿಬಿಟ್ಟರಂತೆ. ರೋಲು ತೊಳೆದರೆ ಆ ಒಂದು ಜಾಗ ಖಾಲಿ. ಆ ಹುಡುಗಿಯ ತಾಯಿ ಸ್ಟುಡಿಯೋಗೆ ಬಂದು ಖಾಲಿ ನೆಗೆಟಿವನ್ನೇ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರಂತೆ. ಬೈದಿದ್ದರೆ ಮರೆಯುತ್ತಿದ್ದೆ ಅಕ್ಕಾ, ಅವರು ಬೈಯಲಿಲ್ಲ ಎನ್ನುತ್ತಿದ್ದರು.

ಇನ್ನು ಅವರ ಹೆಂಡತಿ. ಅವಳು ಹೊನ್ನಾವರದ ಆಚೆಯ ಒಂದು ಮೀನುಗಾರರ ಕೇರಿಯವಳು. ಇವರು ಆ ಕಡೆಯ ಒಂದು ಮದುವೆಗೆ ಫೋಟೋ ತೆಗೆಯಲು ಹೋದಾಗ ಪರಿಚಯವಾದದ್ದು. ಮುಂದಿನ ಕಥೆಯನ್ನು ಇಬ್ಬರೂ ಪೂರ್ತಿಯಾಗಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅವಳು ಉಟ್ಟ ಸೀರೆಯಲ್ಲಿ ಬಂದಳು, ಇಲ್ಲಿ ಮದುವೆಯಾಯಿತು. ಅವಳ ಅಪ್ಪ ಹೇಳಿಕಳಿಸಿದ್ದು ಒಂದೇ ಮಾತು: "ನೀನಾಗಲೀ ಅವನಾಗಲೀ ನನ್ನ ಅಂಗಳಕ್ಕೆ ಕಾಲಿಟ್ಟರೆ ಅವತ್ತು ನನ್ನ ಹೆಣ ನೋಡ್ತೀರಿ." ಅವಳು ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ನಾಲ್ಕು ವರ್ಷ ಬರೆದು ಬಿಟ್ಟಳು.

ಸ್ಟುಡಿಯೋದ ಒಳಗೆ ಕೂತು ನೆಗೆಟಿವ್‌ಗಳ ಮೇಲೆ ಸಣ್ಣ ಪೆನ್ಸಿಲಿನಿಂದ ಮೊಡವೆ, ಕಲೆ ಅಳಿಸುವುದು ಅವಳ ಕೆಲಸ. ಸಂಜೆ ಐದೂವರೆ ಆದರೆ ಪೆನ್ಸಿಲ್ ಇಟ್ಟು ಹೊರಗೆ ಬಂದು ನಿಲ್ಲುತ್ತಿದ್ದಳು. ನಮ್ಮ ಬೀದಿಯ ಪಡುವಣಕ್ಕೆ ಒಂದು ನೀರಿನ ಟ್ಯಾಂಕ್ ಇತ್ತು.

"ಏನೇ ಅದು ದಿನಾ ನೋಡೋದು?" ಎಂದು ಒಂದು ದಿನ ಕೇಳಿದೆ.

"ಇಲ್ಲಿ ಸೂರ್ಯ ಮುಳುಗೋದೇ ಇಲ್ಲ ಅಕ್ಕಾ. ಟ್ಯಾಂಕ್ ಹಿಂದೆ ಹೋಗ್ತಾನೆ, ಅಷ್ಟೇ."

ಅವಳ ಮನೆಯ ಮುಂದೆಯೇ ಕಡಲಂತೆ. ಸಂಜೆ ಅಮ್ಮ ಬಾಗಿಲಿಗೆ ಬಂದು ನಿಂತಾಗ ಆ ಬೆಳಕಿಗೆ ಅಮ್ಮನ ಮುಖವೆಲ್ಲ ಕೆಂಪಾಗುತ್ತಿತ್ತಂತೆ. ಅವಳು ಗಂಡನ ಹತ್ತಿರ ಸೀರೆ ಕೇಳಿದವಳಲ್ಲ, ಸರ ಕೇಳಿದವಳಲ್ಲ. ಕೇಳಿದ್ದು ಒಂದೇ: ತನ್ನ ಮನೆಯ ಮುಂದಿನ ಕಡಲಿನಲ್ಲಿ ಸೂರ್ಯ ಮುಳುಗುವ ಒಂದು ಫೋಟೋ. ಅಂಗಳಕ್ಕೆ ಕಾಲಿಡಬಾರದು ಎಂದರೆ ದಂಡೆಗೆ ಇಡಬಾರದು ಎಂದಲ್ಲವಲ್ಲ. ದಂಡೆ ಯಾರ ಅಪ್ಪನದೂ ಅಲ್ಲ.

ಹಾಗಾಗಿ ಸ್ಟುಡಿಯೋ ಸಾರ್ ಪ್ರತಿ ವರ್ಷ ಹೋಗುತ್ತಿದ್ದರು. ಯಾವಾಗ? ಆಷಾಢದಲ್ಲಿ. ಮದುವೆ ಫೋಟೋಗ್ರಾಫರಿಗೆ ಬಿಡುವು ಸಿಗುವುದು ಆಗಲೇ. ನಮ್ಮ ಕಡೆ ಆಷಾಢದಲ್ಲಿ ಯಾರೂ ತಾಳಿ ಕಟ್ಟುವುದಿಲ್ಲ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟು, ಛತ್ರಿ ಹಿಡಿದು ಬಸ್ ಹತ್ತುತ್ತಿದ್ದರು. ಮೂರನೆಯ ದಿನ ನೆಂದ ಕೋಳಿಯ ಹಾಗೆ ಬಂದು ಇಳಿಯುತ್ತಿದ್ದರು. ಆಷಾಢದಲ್ಲಿ ಕರಾವಳಿಯಲ್ಲಿ ಸೂರ್ಯ ಎಲ್ಲಿರುತ್ತಾನೆ? ಆಕಾಶ ಬೂದಿ, ಕಡಲು ಬೂದಿ, ನಡುವೆ ಗೆರೆಯೂ ಇಲ್ಲ.

"ಇದೇನು ಸಾರ್, ಸ್ಲೇಟ್ ತೆಗೆದುಕೊಂಡು ಬಂದಿದೀರಾ?" ಎಂದು ಮೊದಲ ಸಲ ಪ್ರಿಂಟು ನೋಡಿ ನಕ್ಕುಬಿಟ್ಟೆ.

ಅವಳು ನಗಲಿಲ್ಲ. ಫೋಟೋ ಕೈಗೆ ತೆಗೆದುಕೊಂಡು ಬೆರಳಿಟ್ಟು ತೋರಿಸಿದಳು. "ಇದು ದೋಣಿ ಎಳೆದು ಕಟ್ಟೋ ಜಾಗ. ಇಲ್ಲಿ ಬಲಗಡೆ ಆಚೆ ನಮ್ಮನೆ. ಫೋಟೋದಲ್ಲಿ ಬಂದಿಲ್ಲ, ಇಲ್ಲೇ ಪಕ್ಕದಲ್ಲಿ." ಬರಿಯ ಬೂದಿ ಬಣ್ಣದ ಕಾಗದದಲ್ಲಿ ಅವಳಿಗೆ ಇಡೀ ಊರು ಕಾಣುತ್ತಿತ್ತು. ಇವರು ತಪ್ಪು ಮಾಡಿದವರ ಹಾಗೆ ಗೋಡೆಗೆ ಒರಗಿ, "ಮುಂದಿನ ವರ್ಷ ಸ್ವಲ್ಪ ಬಿಸಿಲಿರಬಹುದು" ಎನ್ನುತ್ತಿದ್ದರು.

ನಾನು ಬಿಡುವವಳೇ? "ಧನುರ್ಮಾಸದಲ್ಲಿ ಹೋಗಿ. ಆಗಲೂ ಮದುವೆ ಇರಲ್ಲ, ಆಕಾಶ ತೊಳೆದಿಟ್ಟ ಹಾಗಿರುತ್ತೆ" ಎಂದೆ.

"ಆಗ ಸ್ಕೂಲ್ ಡೇ ಅಕ್ಕಾ, ಗ್ರೂಪ್ ಫೋಟೋ. ಮೂರು ಸ್ಕೂಲು ನನ್ನನ್ನೇ ನಂಬ್ಕೊಂಡಿವೆ."

"ಹಂಗಾದ್ರೆ ಮಾಘದಲ್ಲಿ ಒಂದು ಮದುವೆ ಬಿಡಿ. ಊರಿಗೆ ನೀವೊಬ್ಬರೇನಾ ಫೋಟೋಗ್ರಾಫರು?"

"ಸೂರ್ಯ ದಿನಾ ಮುಳುಗ್ತಾನಕ್ಕಾ. ಆ ಹುಡುಗಿ ತಾಳಿ ಒಂದೇ ಸಲ ಕಟ್ಟಿಸ್ಕೊಳ್ಳೋದು. ಒಪ್ಕೊಂಡ ಮೇಲೆ ಬಿಡೋಕಾಗಲ್ಲ."

ಹೀಗೆ ವರ್ಷಗಳು ಹೋದವು. ವರ್ಷಕ್ಕೊಂದು ಬೂದಿ ಫೋಟೋ. ಅವಳು ಎಲ್ಲವನ್ನೂ ಬಿಸ್ಕತ್ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು.

ಒಂದು ಸಂಕ್ರಾಂತಿಯ ದಿನ. ನಾನು ಎಳ್ಳು ಬೀರಲು ಸ್ಟುಡಿಯೋಗೆ ಹೋಗಿದ್ದೆ. ಅವಳು ಬಾಗಿಲಲ್ಲಿ ನಿಂತು ಟ್ಯಾಂಕಿನ ಕಡೆ ನೋಡುತ್ತಿದ್ದಳು. ಎಳ್ಳನ್ನು ಸೆರಗಿಗೆ ಹಾಕಿಸಿಕೊಂಡು, ಅಡುಗೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು: "ಅಕ್ಕಾ, ಅಲ್ಲಿ ಸಾಯಂಕಾಲ ಹೇಗಿರ್ತಿತ್ತು ಅಂತ ಕಣ್ಮುಂದೆ ತರೋಕೆ ನೋಡ್ತೀನಿ, ಬರೋದೇ ಇಲ್ಲ. ಇವರು ತೆಗೆದ ಮಳೆ ಫೋಟೋನೇ ಬರುತ್ತೆ. ಅಮ್ಮನ ಮುಖ ನೆನೆಸ್ಕೊಂಡ್ರೂ ಬೂದಿ ಬಣ್ಣದಲ್ಲೇ ಬರುತ್ತೆ."

ಒಳಗೆ ಡಾರ್ಕ್‌ರೂಮಿನ ಕಪ್ಪು ಪರದೆಯ ಹಿಂದೆ ನೀರು ಸುರಿಯುವ ಸದ್ದು ಬರುತ್ತಿತ್ತು. ಅದು ನಿಂತಿತು.

ಮಾರನೆಯ ದಿನ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಸ್ಟುಡಿಯೋ ಸಾರ್ ಕಾಯುತ್ತಿದ್ದರು.

"ಅಕ್ಕಾ, ಮಾಘದಲ್ಲಿ ಒಂದು ಮದುವೆ ಬಿಡಿಸಿಕೊಡಿ."

ಅಷ್ಟೇ ಅಂದದ್ದು. ನನಗೆ ಅಷ್ಟು ಸಾಕಿತ್ತು. ತೆಗೆದ ಫೋಟೋಗಳೇ ಅವಳ ಊರನ್ನು ಅಳಿಸುತ್ತಿವೆ ಎಂದು ತಿಳಿದ ಮೇಲೆ ಆ ಮನುಷ್ಯ ಇನ್ನೊಂದು ಆಷಾಢ ಹೇಗೆ ಕಾಯುತ್ತಾರೆ?

ಅವರ ಡೈರಿ ತಿರುವಿ ಹಾಕಿದೆ. ಮೂರು ದಿನದ ನಡುವೆ ಒಂದೇ ಮದುವೆ ಇರುವ ಜಾಗ ಸಿಕ್ಕಿತು. ಕುರುಬರಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದವರ ಎರಡನೆಯ ಮಗಳದು. ದೊಡ್ಡ ಮಗಳ ಮದುವೆಗೂ ಇವರೇ ಫೋಟೋ ತೆಗೆದಿದ್ದರು. ಬದಲಿಗೆ ವಿಜಯನಗರದಲ್ಲಿ ಇವರ ಹಳೆಯ ಸ್ನೇಹಿತರೊಬ್ಬರು ಬರಲು ಒಪ್ಪಿದರು. ಇನ್ನು ಹುಡುಗಿಯ ಮನೆಯವರು ಒಪ್ಪಬೇಕಲ್ಲ. ಇಬ್ಬರೂ ಹೊರಟೆವು. ದಾರಿಯಲ್ಲಿ ನಾನು ಪಾಠ ಹೇಳಿದೆ: "ಕಾಮಾಲೆ ಅನ್ನಿ. ಡಾಕ್ಟ್ರು ಎಣ್ಣೆ ಪದಾರ್ಥ ಬೇಡ, ಓಡಾಟ ಬೇಡ ಅಂದಿದಾರೆ ಅನ್ನಿ. ಮದುವೆ ಮನೆಯವರು ಕಾಮಾಲೆ ಅಂದ್ರೆ ತಾವೇ ಬೇಡ ಅಂತಾರೆ."

"ಸರಿ" ಎಂದರು.

ಒಳಗೆ ಹೋಗಿ ಕೂತು ನೀರು ಕುಡಿದ ತಕ್ಷಣ, ನಾನು ಬಾಯಿ ತೆರೆಯುವ ಮೊದಲೇ, "ನಾನು ನಿಮ್ಮ ಮದುವೆಗೆ ಬರೋಕಾಗಲ್ಲ ಯಜಮಾನ್ರೇ. ಸೂರ್ಯ ಮುಳುಗೋ ಫೋಟೋ ತೆಗೆಯೋಕೆ ಹೋಗ್ಬೇಕು" ಅಂದುಬಿಟ್ಟರು.

ಹುಡುಗಿಯ ತಂದೆ ಒಂದು ಕ್ಷಣ ನೋಡಿ, "ಯಾಕ್ ಸಾರ್, ಅವನಿಗೂ ಅವತ್ತೇ ಮುಹೂರ್ತನಾ?" ಎಂದರು. ನಡುಮನೆಯಲ್ಲಿದ್ದವರೆಲ್ಲ ನಕ್ಕರು. ಇವರು ತಲೆ ತಗ್ಗಿಸಿ ಕೂತರು. ಇಂಥ ಗಿರಾಕಿಯನ್ನು ಕಟ್ಟಿಕೊಂಡು ವ್ಯಾಪಾರಕ್ಕೆ ಹೋಗಬಾರದು. ಹೋದ ಮೇಲೆ ಅರ್ಧಕ್ಕೆ ಎದ್ದು ಬರಲೂಬಾರದು. ನಾನು ಗಂಡಸರನ್ನು ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿಯ ಹತ್ತಿರ ಹೋದೆ. ಕಾಮಾಲೆ ಬಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ಹೆಂಡತಿ ತವರು ಕಂಡು ಹದಿಮೂರು ವರ್ಷವಾಯಿತು, ಕಾಲಿಡುವ ಹಾಗಿಲ್ಲ, ಒಂದು ಫೋಟೋ ಕೇಳಿದ್ದಾಳೆ, ಅಷ್ಟು.

ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. "ಆ ಇನ್ನೊಬ್ಬರು ತಾಳಿ ಕಟ್ಟೋ ಹೊತ್ತಿಗೆ ಕಾಫಿ ಕುಡಿಯೋಕೆ ಹೋಗೋ ಪೈಕಿ ಅಲ್ಲ ತಾನೆ?"

"ಅಲ್ಲ ಕಣಮ್ಮಾ. ನಾನೇ ಪಕ್ಕದಲ್ಲಿ ನಿಂತಿರ್ತೀನಿ. ದೊಡ್ಡ ಫೋಟೋಗೆ ಕಟ್ಟು ನಮ್ಮ ಅಂಗಡಿಯಿಂದ, ಹುಡುಗಿಗೆ ಉಡುಗೊರೆ."

"ಕಟ್ಟು ಇರ್ಲಿ ಬಿಡಿ" ಎಂದು ಆಕೆ ನಡುಮನೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ರೀ, ಅವರು ಹೋಗಿ ಬರ್ಲಿ. ಸುಮ್ನಿರಿ ನೀವು."

ಕಟ್ಟನ್ನು ನಾನು ಕೊಟ್ಟೆ. ಮಾತು ಮಾತೇ.

ಸ್ಟುಡಿಯೋ ಸಾರ್ ಬಣ್ಣದ ರೋಲು ಒಂದು ಕೊಂಡು ಹೊರಟರು. ಆಗ ಬಣ್ಣದ ರೋಲೆಂದರೆ ಬಂಗಾರದ ಹಾಗೆ. ಪೇಟೆಯ ದೊಡ್ಡ ಲ್ಯಾಬಿಗೆ ಕೊಟ್ಟು ಒಂದು ವಾರ ಕಾಯಬೇಕು. ಮೂರನೆಯ ದಿನ ಬಂದರು. ಅಂಗಿ ಒಣಗಿತ್ತು, ಮುಖ ಸುಟ್ಟಿತ್ತು. ಅವಳು ಬಾಗಿಲಲ್ಲೇ ಕೇಳಿದಳು, "ಇದ್ನಾ?"

"ಇದ್ದ" ಎಂದರು. ಬೇರೆ ಮಾತಿಲ್ಲ. ಪ್ರಿಂಟು ಬರುವವರೆಗೆ ಅವರ ಬಾಯಿಂದ ಏನೂ ಹೊರಡುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಒಂದು ವಾರ ಅವಳು ನೆಗೆಟಿವ್ ಮುಟ್ಟಲಿಲ್ಲ. ಕಣ್ಣು ಬಾಗಿಲ ಕಡೆಗೇ ಹೋಗಿ ಯಾರದೋ ಮುಖಕ್ಕೆ ಗೆರೆ ಬಿದ್ದೀತು ಎಂದಳು.

ಪ್ರಿಂಟು ಬಂದ ದಿನ ಅವರು ಕವರು ಹಿಡಿದು ತಮ್ಮ ಬಾಗಿಲಿಗೆ ಹೋಗದೆ ನನ್ನ ಅಂಗಡಿಗೆ ಬಂದರು. ಮಧ್ಯಾಹ್ನದ ಹೊತ್ತು. ನಾನು ಮೇಜಿನ ಮೇಲೆ ಕಂಬಳಿ ಹಾಸಿ ಗಾಜು ಕೊಯ್ಯುತ್ತಿದ್ದೆ.

"ಮೊದ್ಲು ನೀವು ನೋಡಿ ಅಕ್ಕಾ. ನಂಗೆ ಭಯ."

ಕವರಿನಿಂದ ತೆಗೆದು ಒಂದೊಂದೇ ಹಾಕಿದೆ. ಒಬ್ಬ ಮುದುಕಿ. ಮರಳಿನ ಮೇಲೆ ನಿಂತಿದ್ದಾಳೆ. ಇನ್ನೊಂದು, ಅದೇ ಮುದುಕಿ. ದೋಣಿಯ ಅಂಚಿಗೆ ಕೂತಿದ್ದಾಳೆ. ಮತ್ತೊಂದು, ಎಡಕ್ಕೆ ತಿರುಗಿದ್ದಾಳೆ. ಬಲಕ್ಕೆ ತಿರುಗಿದ್ದಾಳೆ. ಎಲ್ಲದರಲ್ಲೂ ಅವಳ ಹಿಂದೆ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ. ಸೂರ್ಯ ಇಲ್ಲವೇ ಇಲ್ಲ.

ನನಗೆ ರೇಗಿತು. "ಸಾರ್, ಒಂದು ಮದುವೆ ಬಿಡಿಸಿ ಕಳಿಸಿದ್ದು ಇದಕ್ಕಾ? ಯಾರ್ರೀ ಈ ಅಜ್ಜಿ? ಸೂರ್ಯ ಎಲ್ಲಿ?"

"ಅವರ ಹಿಂದೆ ಇದಾನೆ ಅಕ್ಕಾ. ಎದುರು ಬೆಳಕಲ್ಲಿ ಮುಖ ಬರೋ ಹಾಗೆ ತೆಗೆದ್ರೆ ಆಕಾಶ ಹೊರಟುಹೋಗುತ್ತೆ. ಸೂರ್ಯ ಬರೋ ಹಾಗೆ ತೆಗೆದ್ರೆ ಮುಖ ಕಪ್ಪಾಗುತ್ತೆ. ಎರಡೂ ಆಗಲ್ಲ." ಒಂದು ಪ್ರಿಂಟನ್ನು ನನ್ನ ಕಡೆ ತಿರುಗಿಸಿ, "ಅವರು ಇವಳ ಅಮ್ಮ" ಎಂದರು.

ಕೈಯಲ್ಲಿದ್ದ ಗಾಜು ಕೊಯ್ಯುವ ವಜ್ರವನ್ನು ಕೆಳಗಿಟ್ಟೆ.

ಆಮೇಲೆ ಅವರು ಹೇಳಿದ್ದನ್ನು, ಅವರು ಹೇಳಿದ ಹಾಗೇ ಬರೆಯುತ್ತೇನೆ.

"ದಂಡೆಯಲ್ಲಿ ಜಾಗ ನೋಡ್ಕೊಂಡು ನಿಂತಿದ್ದೆ. ಸೂರ್ಯ ಇಳೀತಾ ಇದ್ದ. ಅಷ್ಟು ದೊಡ್ಡದು, ಅಷ್ಟು ಕೆಂಪು ನಾನು ನೋಡೇ ಇರಲಿಲ್ಲ. ಅಲ್ಲೆಲ್ಲ ಮೀನು ಒಣಹಾಕಿದ್ರು. ಒಬ್ಬ ಹೆಂಗಸು ಬುಟ್ಟಿಗೆ ತುಂಬ್ಕೊಳ್ತಾ, ತುಂಬ್ಕೊಳ್ತಾ ನನ್ನ ಹತ್ರ ಬಂದ್ರು. ತಲೆ ಎತ್ತದೇನೇ ಹೇಳಿದ್ರು: ‘ವರ್ಷ ವರ್ಷವೂ ಮಳೆಗಾಲದಲ್ಲೇ ಬಂದು ನಿಲ್ತೀಯಲ್ಲ ಮಾರಾಯಾ. ಮಳೆಯಲ್ಲಿ ಮೀನು ಒಣಹಾಕ್ತಾರಾ? ನಾನು ಯಾವ ನೆಪ ಹೇಳಿ ಹೊರಗೆ ಬರಲಿ?’ ಅಂತ."

ಹನ್ನೊಂದೋ ಹನ್ನೆರಡೋ ಆಷಾಢ. ಪ್ರತಿ ಸಲವೂ ಆಕೆ ಬಾಗಿಲ ಸಂದಿಯಿಂದ ಈ ಛತ್ರಿಯನ್ನು ನೋಡಿದ್ದಾಳೆ. ಗಂಡ ಮನೆಯಲ್ಲೇ, ದೋಣಿ ಕಡಲಿಗಿಳಿಯದ ಕಾಲ. ಆ ಮಳೆಯಲ್ಲಿ ದಂಡೆಗೆ ಹೋಗಲು ಯಾವ ಹೆಂಗಸಿಗೂ ಕೆಲಸವಿರುವುದಿಲ್ಲ. ನಮಗೆ ಬಿಡುವಿನ ತಿಂಗಳೇ ಆಕೆಗೆ ಕದ ಮುಚ್ಚಿದ ತಿಂಗಳು. ಇಲ್ಲಿ ಕೂತು ತಿಥಿ ನೋಡಿ ಬುದ್ಧಿ ಹೇಳುತ್ತಿದ್ದ ನನಗೂ ಇದು ಹೊಳೆದಿರಲಿಲ್ಲ. ಆಕಾಶದ ಬಗ್ಗೆ ಯೋಚಿಸಿದ್ದೆ, ಮೀನಿನ ಬಗ್ಗೆ ಯೋಚಿಸಿರಲಿಲ್ಲ.

"ಮಗಳ ಬಗ್ಗೆ ಏನು ಕೇಳಿದ್ರು?"

"ಏನೂ ಕೇಳಲಿಲ್ಲ ಅಕ್ಕಾ. ನನ್ನ ಅಂಗಿ ನೋಡಿದ್ರು. ಮೇಲಿಂದ ಕೆಳಗೆ ಒಂದೊಂದೇ ಗುಂಡಿ ನೋಡ್ಕೊಂಡ್ರು. ಎಲ್ಲಾ ಗುಂಡಿ ಇತ್ತು. ಆಮೇಲೆ ಬುಟ್ಟಿ ಇಳಿಸಿ, ನನಗೂ ಸೂರ್ಯನಿಗೂ ಮಧ್ಯ ಬಂದು ನಿಂತ್ರು. ‘ತೆಗಿ’ ಅಂದ್ರು."

"ಒಂದು ತೆಗೆದು, ಸ್ವಲ್ಪ ಪಕ್ಕಕ್ಕೆ ಬನ್ನಿ ಅನ್ನಬಾರದಿತ್ತಾ?"

"ಹೇಗನ್ನಲಿ? ಕ್ಯಾಮೆರಾ ಆಚೆ ತಿರುಗಿಸಿದ್ರೆ ಹೊರಟುಬಿಡ್ತಾರೇನೋ ಅನ್ನಿಸ್ತು. ಪ್ರತಿಯೊಂದು ಆದಮೇಲೂ, ‘ಇ‌ನ್ನೆಷ್ಟು ಉಂಟು ಅದರಲ್ಲಿ’ ಅಂತ ಕೇಳೋರು. ಎಂಟು ಅಂದ್ರೆ, ‘ತೆಗಿ’. ನಾಲ್ಕು ಅಂದ್ರೆ, ‘ತೆಗಿ’. ಉಸಿರು ಬಿಡಿ ಅಂತ ಹೇಳೋಕೆ ನನಗೇ ಉಸಿರಿರಲಿಲ್ಲ."

ಆಗಲೇ ಅವಳು ಊಟಕ್ಕೆ ಕರೆಯಲು ಬಂದದ್ದು. "ಇಲ್ಲಿದೀರಾ? ಅನ್ನ ಆರ್ತಾ—" ಎಂದವಳು ಮೇಜು ನೋಡಿದಳು. ಹನ್ನೊಂದು ಫೋಟೋ ಕಂಬಳಿಯ ಮೇಲೆ ಹರಡಿದ್ದವು. ಇವರು ಎದ್ದು ಗೋಡೆಯ ಕಡೆ ಸರಿದರು. ನಾನು ಗಾಜಿನ ಚೂರುಗಳನ್ನು ಅವಳ ಕೈಗೆ ತಾಗದ ಹಾಗೆ ಬದಿಗೆ ಸರಿಸಿದೆ.

ಅವಳು ಅಳಲಿಲ್ಲ, ಕೂಗಲಿಲ್ಲ. ನೆಗೆಟಿವ್ ನೋಡುವವಳ ಕಣ್ಣು ಅದು. ಒಂದೊಂದೇ ಫೋಟೋವನ್ನು ಕಣ್ಣಿನ ಹತ್ತಿರ ತಂದು, ಮೂಲೆಯಿಂದ ಮೂಲೆಗೆ ಓದಿದಳು. ಕೂದಲು, ಹಣೆ, ಕಿವಿ, ಕತ್ತು, ಕೈ. ನಾಲ್ಕನೆಯದಕ್ಕೆ ಬಂದು ನಿಂತಳು. ನಾನೂ ಬಗ್ಗಿ ನೋಡಿದೆ. ಮುದುಕಿ ಒಂದು ಕೈಯಿಂದ ಸೆರಗು ಸರಿಸಿ, ಕರಿಮಣಿ ಸರವನ್ನು ಹೊರಗೆಳೆದು ಎದೆಯ ಮೇಲೆ ಹಾಕಿಕೊಂಡು, ಅದನ್ನು ಬೆರಳಿನಲ್ಲಿ ಎತ್ತಿ ಹಿಡಿದಿದ್ದಳು. ಐದನೆಯದರಲ್ಲಿ ಎರಡೂ ಕೈ ಮುಂದಕ್ಕೆ ಚಾಚಿದ್ದಳು, ಮೊಣಕೈವರೆಗೆ ಹಸಿರು ಬಳೆ. ಆರನೆಯದರಲ್ಲಿ ಗದ್ದ ಎತ್ತಿದ್ದಳು. ಹಣೆಯಲ್ಲಿ ಕಾಸಗಲ ಕುಂಕುಮ. ಸೂರ್ಯನಿಗೆಂದು ಕೊಂಡ ಬಣ್ಣದ ರೋಲು ಆ ಕುಂಕುಮಕ್ಕೆ ಒದಗಿತ್ತು. ಇದನ್ನೆಲ್ಲ ನಾನು ಆಗಲೇ ನೋಡಿದ್ದೆ, ನನಗೇನೂ ಕಂಡಿರಲಿಲ್ಲ. ಆ ಮುದುಕಿ ಸುಮ್ಮನೆ ನಿಂತು ಫೋಟೋ ತೆಗೆಸಿಕೊಂಡಿರಲಿಲ್ಲ. ಮಗಳ ನಾಲ್ಕು ವರ್ಷದ ಕಾಗದಗಳಿಗೆ ಒಟ್ಟಿಗೆ ಉತ್ತರ ಬರೆದಿದ್ದಳು.

"ಅಪ್ಪ ಇದಾರೆ" ಎಂದಳು ಅವಳು. ಗಂಡನ ಕಡೆ ತಿರುಗಿ ಇನ್ನೊಮ್ಮೆ, "ರೀ, ಅಪ್ಪ ಇದಾರೆ."

ಇವರು ತಲೆಯಾಡಿಸಿದರು. ಅವರೂ ಆಗಷ್ಟೇ ತಿಳಿದುಕೊಂಡದ್ದು. ದಂಡೆಯಲ್ಲಿ ಕೇಳುವ ಧೈರ್ಯ ಅವರಿಗೆ ಆಗಿರಲಿಲ್ಲವಂತೆ.

"ಸೂರ್ಯ ಬರಲಿಲ್ಲ ಕಣೇ" ಎಂದರು ಮೆಲ್ಲಗೆ.

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಫೋಟೋದಲ್ಲಿ ಅಮ್ಮನ ಕೆನ್ನೆಯ ಅಂಚನ್ನು ನೋಡುತ್ತಿದ್ದಳು. ಹಿಂದಿನಿಂದ ಬಿದ್ದ ಬೆಳಕಿಗೆ ಅಲ್ಲೊಂದು ಸಣ್ಣ ಕೆಂಪು ಗೆರೆ ಹತ್ತಿತ್ತು.

ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಒಂದಕ್ಕೆ ಕಟ್ಟು ಹಾಕಿಕೊಡ್ತೀನಿ. ಯಾವುದು, ನೀನೇ ಆರಿಸು" ಎಂದೆ. ಅಂಗಡಿಯಲ್ಲಿದ್ದ ಒಳ್ಳೆಯ ತೇಗದ ಪಟ್ಟಿಯನ್ನು ಕೆಳಗಿಳಿಸಿಯೂ ಬಿಟ್ಟೆ.

ಅವಳು ಫೋಟೋಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡ ಅಕ್ಕಾ."

ನಾಲಿಗೆ ಕಚ್ಚಿಕೊಂಡೆ. ಕಟ್ಟು ಹಾಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ವಯಸ್ಸಾದವರ ಒಂಟಿ ಫೋಟೋ ಕಟ್ಟಿನೊಳಗೆ ಗೋಡೆ ಏರಿತೆಂದರೆ ಬಂದವರ ಕಣ್ಣು ಹಾರ ಹುಡುಕುತ್ತದೆ. ನನ್ನ ಅಂಗಡಿಗೆ ಬಂದ ಅಂಥ ಫೋಟೋಗಳೆಲ್ಲ ಹನ್ನೊಂದನೆಯ ದಿನದ ಒಳಗೆ ಬೇಕೆಂದು ಅವಸರದಲ್ಲಿ ಬಂದವು. ಬದುಕಿದ್ದಾಳೆಂದು ಈಗಷ್ಟೇ ಕಂಡ ತಾಯಿಯನ್ನು ಅವಳು ಗೋಡೆಗೆ ಹೇಗೆ ಏರಿಸುತ್ತಾಳೆ? ತೇಗದ ಪಟ್ಟಿಯನ್ನು ಕೆಳಗೆ ಹಾಕಿದೆ.

ಆಗ ಸ್ಟುಡಿಯೋ ಸಾರ್ ಕವರಿನೊಳಗೆ ಕೈ ಹಾಕಿದರು. "ಇನ್ನೊಂದಿದೆ. ಹನ್ನೆರಡನೇದು. ಸರಿಯಾಗಿ ಬಂದಿಲ್ಲ, ತೋರಿಸೋದು ಬೇಡ ಅಂತಿದ್ದೆ. ಸೂರ್ಯ ಆಗಲೇ ಮುಳುಗಿದ್ದ. ಅವರು ಬುಟ್ಟಿ ಎತ್ಕೊಂಡು ಹೊರಟ್ರು, ತಿರುಗಿ ನೋಡಲಿಲ್ಲ. ಬೆಳಕು ಸಾಲದು ಅಂತ ಗೊತ್ತಿತ್ತು. ಕ್ಯಾಮೆರಾ ದೋಣಿ ಮೇಲಿಟ್ಟು ತೆಗೆದೆ. ಅಲುಗಾಡಿದೆ."

ಫೋಟೋದ ಎಡಕ್ಕೆ ಕಡಲು. ಕಡಲು ಮುಗಿದಲ್ಲಿ ಸಿಹಿಗುಂಬಳದ ಹೋಳಿನಂಥ ಒಂದು ಉದ್ದನೆಯ ಬೆಳಕು, ಮೇಲೆ ಹೋಗುತ್ತ ಹೋಗುತ್ತ ನೇರಳೆ. ಒದ್ದೆ ಮರಳಿನ ಮೇಲೂ ಅದೇ ಬಣ್ಣ ಹರಿದಿತ್ತು. ನೀರಿನ ಅಂಚಿನಲ್ಲೇ ದೂರಕ್ಕೆ ಒಂದು ಹೆಂಗಸಿನ ಬೆನ್ನು, ಕಪ್ಪಾಗಿ, ಸೊಂಟದ ಮೇಲೆ ಬುಟ್ಟಿ. ನಡಿಗೆಗೆ ಕಾಲು ಮಸುಕಾಗಿದ್ದವು. ಬಲಗಡೆ, ಫೋಟೋ ಮುಗಿಯುವ ತುದಿಯಲ್ಲಿ, ಒಂದು ಮನೆಯ ಮಾಡಿನ ಮೂಲೆ.

ಅವಳು ಆ ಮೂಲೆಯ ಮೇಲೆ ಬೆರಳಿಟ್ಟಳು. ತುಂಬ ಹೊತ್ತು ಇಟ್ಟುಕೊಂಡೇ ನಿಂತಳು. ಅವರಿಬ್ಬರನ್ನೂ ನಾನು ಆಮೇಲೆ ಎಷ್ಟೋ ವರ್ಷ ನೋಡಿದ್ದೇನೆ, ನೆನೆಸಿಕೊಂಡಾಗ ಮಾತ್ರ ಈ ಮಧ್ಯಾಹ್ನವೇ ಬರುತ್ತದೆ: ಅನ್ನ ಆರುತ್ತಿದೆ, ಅವರು ಗೋಡೆಗೆ ಒರಗಿ ಶಿಕ್ಷೆಗೆ ಕಾಯುವವರ ಹಾಗೆ ನಿಂತಿದ್ದಾರೆ, ಅವಳು ಮನೆ ಸೇರುತ್ತಿರುವ ಅಮ್ಮನನ್ನು ನೋಡುತ್ತಿದ್ದಾಳೆ.

"ಇದಕ್ಕೆ ಹಾಕ್ಬೋದಲ್ವಾ ಅಕ್ಕಾ, ಕಟ್ಟು?" ಎಂದು ಕೊನೆಗೆ ಕೇಳಿದಳು. "ಇದರಲ್ಲಿ ಮುಖ ಇಲ್ವಲ್ಲ."

"ಹಾಕ್ಬೋದು ಕಣೇ" ಎಂದೆ. ತೇಗದ ಪಟ್ಟಿಯನ್ನು ಮತ್ತೆ ಎತ್ತಿಕೊಂಡು, ಟೇಪು ಬಿಚ್ಚಿ ಮೇಜಿನ ಮೇಲೆ ಬಗ್ಗಿದೆ. ಅವಳ ಬೆರಳು ಇನ್ನೂ ಅಲ್ಲೇ ಇತ್ತು.

"ಕೈ ತೆಗಿ, ಅಳತೆ ತಗೋಬೇಕು."

ತೆಗೆಯಲಿಲ್ಲ. ನಾನು ಎರಡನೆಯ ಸಲ ಹೇಳಲಿಲ್ಲ.